ಬೂಷ್ಟಿನಿಂದ ಬಂದ ಸಂಜೀವಿನಿ



ಹಾಲಿಗೆ ಹೆಪ್ಪು ಹಾಕುವುದು, ದೋಸೆಯ ಹಿಟ್ಟನ್ನು ಹುದುಗಲಿಡುವುದು ಪ್ರತಿ ಮನೆಯಲ್ಲಿಯೂ ನಡೆಯತಕ್ಕ ಕಾರ್ಯಗಳು. ಕಣ್ಣಿಗೆ ಕಾಣದ ಜೀವಿಗಳಿಂದ ಕೆಲಸ ಮಾಡಿಸಿಕೊಳ್ಳುವ ಈ ವಿದ್ಯೆಯೇ ವಿಸ್ತಾರವಾಗಿ ಬೆಳೆದು ಔಷಧಗಳನ್ನು ಒದಗಿಸುವ ಮಹೋದ್ಯಮವಾಗಿರುತ್ತದೆ. ಇದು ಮಣ್ಣಿಗೂ ನೀರಿಗೂ ಕೇಡನ್ನುಂಟುಮಾಡದೆ ಬಹುಕಾಲ ನಡೆಯಬೇಕಾದರೆ ಒಂದೇ ದೇಶದ ಬುದ್ಧಿ ಸಾಲುವುದೇ? ಪೆನಿಸಿಲಿನ್ ಎಂಬ ಔಷಧದ ಚರಿತ್ರೆಯು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವಿದ್ವಾಂಸರು ರೋಗಾಣುಗಳನ್ನು ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಬಿದ್ದು, ಅದರ ಸುತ್ತಲಿನ ರೋಗಾಣುಗಳು ನಾಶವಾಗಿದ್ದುದನ್ನು ಕಂಡರು. ಆದರೆ ಆ ಸಾರವನ್ನು ಶುದ್ಧವಾಗಿ ಬೇರ್ಪಡಿಸುವುದು ಅವರಿಂದಾಗಲಿಲ್ಲ. ಹತ್ತು ವರ್ಷಗಳ ತರುವಾಯ ಆಕ್ಸ್‌ಫರ್ಡಿನಲ್ಲಿ ಮೂವರು ಆ ಕಾರ್ಯವನ್ನು ಕೈಗೊಂಡರು. ಹೊವರ್ಡ್ ಫ್ಲೋರಿ ಆಸ್ಟ್ರೇಲಿಯದವರು. ಅರ್ನ್ಸ್ಟ್ ಚೈನ್ ಹಿಟ್ಲರನ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದವರು. ನಾರ್ಮನ್ ಹೀಟ್ಲೆ ಇಂಗ್ಲೆಂಡಿನವರು. ಯುದ್ಧಕಾಲದ ಅಭಾವದಲ್ಲಿ ಹಾಲಿನ ಕ್ಯಾನುಗಳು, ಸ್ನಾನದ ತೊಟ್ಟಿ, ರೋಗಿಗಳ ಮಲಪಾತ್ರೆ ಇವುಗಳೇ ಅವರಿಗೆ ಉಪಕರಣಗಳಾದವು. 1940ರ ಮೇ ತಿಂಗಳಲ್ಲಿ ಎಂಟು ಇಲಿಗಳಿಗೆ ರೋಗಾಣುಗಳನ್ನು ಕೊಟ್ಟು, ನಾಲ್ಕಕ್ಕೆ ಮಾತ್ರ ಔಷಧವನ್ನಿತ್ತರು. ಆ ನಾಲ್ಕು ಬದುಕಿದವು. ಉಳಿದ ನಾಲ್ಕು ಸತ್ತವು.

ಮರುವರ್ಷ ಒಬ್ಬ ಪೊಲೀಸಿನವನಿಗೆ ಅದನ್ನು ಪ್ರಯೋಗಿಸಿದರು. ಜ್ವರವಿಳಿಯಿತು, ಹಸಿವಾಯಿತು. ಅಷ್ಟರಲ್ಲಿ ಔಷಧ ಮುಗಿಯಿತು. ಅವನ ಮೂತ್ರದಿಂದಲೇ ಔಷಧವನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ ಅವನು ತೀರಿಕೊಂಡನು. ಮದ್ದು ತಿಳಿದಿದ್ದೂ ಅದನ್ನು ಸಾಕಷ್ಟು ಮಾಡುವ ಕ್ರಮ ತಿಳಿಯದಿದ್ದರೆ ಪ್ರಾಣವುಳಿಯದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

1941ರ ಜುಲೈಯಲ್ಲಿ ಫ್ಲೋರಿ ಮತ್ತು ಹೀಟ್ಲೆಯವರು ಅಮೆರಿಕೆಗೆ ತೆರಳಿ, ಪಿಯೋರಿಯ ಪಟ್ಟಣದಲ್ಲಿದ್ದ ಸರಕಾರೀ ಕೃಷಿ ಪ್ರಯೋಗಾಲಯದ ಸಹಾಯವನ್ನು ಬೇಡಿದರು. ಆ ಪ್ರಾಂತವು ಮೆಕ್ಕೆಜೋಳದ ಸೀಮೆ. ಜೋಳವನ್ನು ನೆನೆಸಿ ಪಿಷ್ಟವನ್ನು ತೆಗೆದ ಮೇಲೆ ಉಳಿಯುವ ಮಂದವಾದ ನೀರಿಗೆ ಉಪಯೋಗವನ್ನು ಅಲ್ಲಿಯವರು ಹುಡುಕುತ್ತಿದ್ದರು. ಅದನ್ನೇ ಬೂಷ್ಟಿಗೆ ಆಹಾರವಾಗಿ ಕೊಡಲು ಔಷಧದ ಉತ್ಪತ್ತಿಯು ಅನೇಕ ಪಟ್ಟು ಹೆಚ್ಚಿತು. 1943ರಲ್ಲಿ ಅದೇ ಊರಿನ ಸಂತೆಯ ಕೊಳೆತ ಕರಬೂಜದ ಹಣ್ಣಿನಲ್ಲಿ ಮತ್ತೂ ಸಮರ್ಥವಾದ ಬೂಷ್ಟಿನ ತಳಿಯು ದೊರೆಯಿತು. ತೆಳುಪಾತ್ರೆಗಳಿಗೆ ಬದಲಾಗಿ ಗಾಳಿಯನ್ನೂದುತ್ತ ಕಲಕುತ್ತಿರುವ ಆಳವಾದ ಕೊಳಗಗಳಲ್ಲಿ ಅದನ್ನು ಬೆಳೆಸುವ ಕ್ರಮವೂ ಸಿದ್ಧಿಸಿ, 1944ರಲ್ಲಿ ಗಾಯಾಳು ಸೈನಿಕರಿಗೆ ಔಷಧವು ಹೇರಳವಾಗಿ ಒದಗಿತು. ಒಂದು ಉದ್ಯಮದ ಉಳಿಕೆಯೇ ಮತ್ತೊಂದಕ್ಕೆ ಮೂಲದ್ರವ್ಯವಾದುದು ಇಲ್ಲಿ ಗಮನಿಸತಕ್ಕ ಮರ್ಮ.

ಈ ಸಹಕಾರದಲ್ಲಿ ಲೋಭವೂ ಇಣುಕದೆ ಇರಲಿಲ್ಲ. ಆಕ್ಸ್‌ಫರ್ಡಿನವರು ಪೆನಿಸಿಲಿನ್ನಿಗೆ ಪೇಟೆಂಟು ಮಾಡಿಸಲಿಲ್ಲ. ಆದರೆ ಯುದ್ಧಾನಂತರ ಅಮೆರಿಕೆಯ ತಯಾರಿಕಾಕ್ರಮಕ್ಕಾಗಿ ಬ್ರಿಟನ್ನಿನ ತಯಾರಕರೇ ಹಣ ತೆರಬೇಕಾಯಿತು. ಆದುದರಿಂದ ಸಹಕಾರವೆಂದರೆ ಕೊಡುವುದು ಮಾತ್ರವಲ್ಲ, ಫಲವು ಎಲ್ಲರಿಗೂ ಸಲ್ಲುವಂತೆ ಮುಂಚಿತವಾಗಿ ಕಟ್ಟುಪಾಡು ಮಾಡಿಕೊಳ್ಳುವುದೂ ಹೌದು. ಭಾರತಕ್ಕೆ ಈ ವಿದ್ಯೆಯು ಅಂತಹ ಮಾರ್ಗದಿಂದಲೇ ಬಂದಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಇವುಗಳ ನೆರವಿನಿಂದ 1954ರಲ್ಲಿ ಪುಣೆಯ ಸಮೀಪದ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯು ಸ್ಥಾಪಿತವಾಯಿತು.

ತಯಾರಿಕೆಯ ಕ್ರಮವೂ ಕಾಲಕ್ರಮದಲ್ಲಿ ಶುದ್ಧಿಗೊಂಡಿತು. ಪೆನಿಸಿಲಿನ್ನನ್ನು ಸೀಳಿ ಹೊಸ ಔಷಧಗಳಿಗೆ ಮೂಲವಸ್ತುವನ್ನು ಪಡೆಯಲು ಮೊದಲು ಉಗ್ರವಾದ ರಾಸಾಯನಿಕಗಳನ್ನೂ ಅತಿಶೈತ್ಯವನ್ನೂ ಬಳಸುತ್ತಿದ್ದರು. ಈಗ ಅದೇ ಕಾರ್ಯವನ್ನು ಸೂಕ್ಷ್ಮಜೀವಿಗಳಿಂದ ದೊರೆತ ಕಿಣ್ವವು ನೀರಿನಲ್ಲಿಯೇ, ಮೈಬಿಸಿಯಷ್ಟು ಶಾಖದಲ್ಲಿಯೇ ನೆರವೇರಿಸುತ್ತದೆ. ಅದನ್ನು ಪುನಃ ಪುನಃ ಬಳಸಬಹುದು.

ಆದರೂ ಒಂದು ಎಚ್ಚರಿಕೆಯುಂಟು. ಕಾರ್ಖಾನೆಯ ಹೊರನೀರಿನಲ್ಲಿ ಔಷಧದ ಶೇಷವು ಹರಿದು ಹೊಳೆಯನ್ನು ಸೇರಿದರೆ, ಅಲ್ಲಿನ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಬಲಿಯುತ್ತವೆ. ಅಲ್ಪಪ್ರಮಾಣದ ಔಷಧದಿಂದ ಈ ಅಪಾಯ ಒದಗುವುದೆಂದು ಫ್ಲೆಮಿಂಗರು 1945ರಲ್ಲಿ ನೊಬೆಲ್ ಬಹುಮಾನದ ಸಂದರ್ಭದ ಉಪನ್ಯಾಸದಲ್ಲಿಯೇ ಸೂಚಿಸಿದ್ದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಕಾರ್ಖಾನೆಗಳ ಹೊರನೀರಿನ ವಿಷಯವಾಗಿ ಮಾರ್ಗದರ್ಶಿಯನ್ನು ಪ್ರಕಟಿಸಿತು. ಹೊಳೆಗೆ ಗಡಿಯಿಲ್ಲ, ರೋಗಾಣುವಿಗೂ ಗಡಿಯಿಲ್ಲ. ಒಂದು ದೇಶವು ನೀರನ್ನು ಕೆಡಿಸಿದರೆ ಮತ್ತೊಂದು ದೇಶದ ಕೂಸು ಮದ್ದು ನಾಟದೆ ಸಾಯಬಹುದು.

ಹೀಗಿರಲು, ಪ್ರಾಣವನ್ನುಳಿಸುವ ವಸ್ತುವನ್ನು ಪ್ರಾಣಿಗಳಿಗೆ ಕೇಡಾಗದ ರೀತಿಯಲ್ಲಿ ಮಾಡುವುದೇ ನಿಜವಾದ ವಿಜ್ಞಾನವೆಂದು ಪ್ರಾಜ್ಞರು ಬಗೆಯಬೇಕು. ಇಲ್ಲಿ ನೆರೆದಿರುವ ವಿದ್ಯಾರ್ಥಿಗಳಲ್ಲಿ ಈ ವಿದ್ಯೆಯನ್ನು ಕಲಿಯತಕ್ಕವರು ಕಲಿತುದನ್ನು ಬಚ್ಚಿಡದೆ ಹಂಚಲಿ. ಬಳಸಿದ ನೀರನ್ನು ಶುದ್ಧಮಾಡಿಯೇ ಹೊರಗೆ ಬಿಡಲಿ. ಸರ್ವರಿಗೂ ಸನ್ಮಂಗಳವಾಗಲಿ.