ಔಷಧದ ಬೆಲೆ ಮತ್ತು ಒಬ್ಬ ನ್ಯಾಯವೇತ್ತರ ವರದಿ



ಔಷಧದ ಅಂಗಡಿಯಲ್ಲಿ ಮಾತ್ರೆಗೆ ತೆರುವ ಬೆಲೆಗೂ ನ್ಯಾಯಶಾಸ್ತ್ರಕ್ಕೂ ಏನು ಸಂಬಂಧವೆಂದು ತಮಗೆ ತೋರಬಹುದು. ಸಂಬಂಧ ನಿಕಟವಾದುದೇ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಸಿದ ವರದಿ ಅದಕ್ಕೆ ಸಾಕ್ಷಿ.

ಮದರಾಸಿನಲ್ಲಿ ವಕೀಲರಾಗಿದ್ದು, 1953ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಅಯ್ಯಂಗಾರ್ ಅವರಿಗೆ ಪೇಟೆಂಟ್ ಕಾನೂನಿನ ಪರಿಶೀಲನೆಯ ಹೊಣೆ ಬಂದುದು 1957ರಲ್ಲಿ. ಆಗ ಜಾರಿಯಲ್ಲಿದ್ದುದು ಬ್ರಿಟಿಷರ ಕಾಲದ 1911ರ ಅಧಿನಿಯಮ. ಪೇಟೆಂಟ್ ಎಂಬುದು ಒಂದು ಬಗೆಯ ಕೊಡುಕೊಳೆ. ಹೊಸತನ್ನು ಕಂಡುಹಿಡಿದವನಿಗೆ ಸರ್ಕಾರ ನಿಯತ ಅವಧಿಯ ಏಕಸ್ವಾಮ್ಯ ನೀಡುತ್ತದೆ; ಅವನು ತನ್ನ ಶೋಧವನ್ನು ಬಹಿರಂಗಪಡಿಸಬೇಕು, ದೇಶದ ಉದ್ಯಮಕ್ಕೆ ಅದರಿಂದ ಪ್ರಯೋಜನ ಒದಗಬೇಕು. ಭಾರತದಲ್ಲಿ ಕೊಟ್ಟದ್ದೇ ಹೆಚ್ಚು, ಪಡೆದುದು ಅತ್ಯಲ್ಪ. ಇಲ್ಲಿನ ಪೇಟೆಂಟುಗಳಲ್ಲಿ ಶೇಕಡ 80ರಿಂದ 90ರಷ್ಟು ವಿದೇಶೀಯರವು; ಬಹುಪಾಲು ಇಲ್ಲಿ ಬಳಕೆಗೇ ಬಂದಿರಲಿಲ್ಲ. ತಾವೂ ಇಲ್ಲಿ ತಯಾರಿಸದೆ, ಪರರಿಗೂ ತಯಾರಿಸಗೊಡದೆ ಮಾರುಕಟ್ಟೆಯನ್ನು ಹಿಡಿದಿಡಲು ಅವು ನೆರವಾಗಿದ್ದುವು.

ಪೇಟೆಂಟ್ ಪದ್ಧತಿಯನ್ನೇ ಕೈಬಿಡಿರೆಂದು ಹೇಳುವುದು ಸುಲಭವಿತ್ತು. ಅಯ್ಯಂಗಾರ್ ಅವರು ಹಾಗೆ ಹೇಳಲಿಲ್ಲ. ಆಹಾರ ಮತ್ತು ಔಷಧಗಳ ವಿಷಯದಲ್ಲಿ ಪದಾರ್ಥಕ್ಕೆ ಪೇಟೆಂಟ್ ಬೇಡ, ತಯಾರಿಕೆಯ ವಿಧಾನಕ್ಕೆ ಮಾತ್ರ ಇರಲಿ ಎಂದರು. ಇದು ಶಬ್ದಗಳ ಸೂಕ್ಷ್ಮವಷ್ಟೇ ಎನಿಸಬಹುದು. ಆದರೆ ರೋಗಿಯ ಪಾಲಿಗೆ ಅಂತರ ಅಗಾಧ. ಪದಾರ್ಥಕ್ಕೇ ಪೇಟೆಂಟ್ ಇದ್ದರೆ ಅದನ್ನು ಬೇರಾವ ಮಾರ್ಗದಿಂದಲೂ ಇತರರು ತಯಾರಿಸುವಂತಿಲ್ಲ. ವಿಧಾನಕ್ಕೆ ಮಾತ್ರ ಇದ್ದರೆ, ಇನ್ನೊಂದು ವಿಧಾನವನ್ನು ಹುಡುಕಿದ ರಸಾಯನಶಾಸ್ತ್ರಜ್ಞನಿಗೆ ಬಾಗಿಲು ತೆರೆದೇ ಇರುತ್ತದೆ. ಭಾರತದ ಔಷಧೋದ್ಯಮ ಬೆಳೆದುದು ಬಹುಮಟ್ಟಿಗೆ ಈ ಬಾಗಿಲಿನಿಂದ.

ವರದಿ ಕಾನೂನಾಗಲು ಹನ್ನೊಂದು ವರ್ಷ ಹಿಡಿಯಿತು. 1965ರ ಮಸೂದೆ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. 1970ರಲ್ಲಿ ಅಂಗೀಕೃತವಾದ ಪೇಟೆಂಟ್ ಅಧಿನಿಯಮ 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಹಿಂದೆ 16 ವರ್ಷವಿದ್ದ ಅವಧಿ ಔಷಧಗಳ ಮಟ್ಟಿಗೆ ಹೆಚ್ಚೆಂದರೆ 7 ವರ್ಷಕ್ಕೆ ಇಳಿಯಿತು. ಅಷ್ಟರಲ್ಲಿ ಅಯ್ಯಂಗಾರ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ 1960ರಿಂದ 1964ರವರೆಗೆ ಸೇವೆ ಸಲ್ಲಿಸಿ ನಿವೃತ್ತರಾಗಿದ್ದರು.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರ ಜನವರಿ 1ರಿಂದ ಔಷಧ ಪದಾರ್ಥಗಳಿಗೂ ಪೇಟೆಂಟ್ ಮರಳಿತು. ಆದರೂ ತಿಳಿದ ಔಷಧದ ಹೊಸ ರೂಪಕ್ಕೆ, ಅದರ ಗುಣಕಾರಿತ್ವ ಗಣನೀಯವಾಗಿ ಹೆಚ್ಚದ ಹೊರತು, ಪೇಟೆಂಟ್ ಇಲ್ಲವೆಂಬ ನಿಯಮವನ್ನು ಸಂಸತ್ತು ಸೇರಿಸಿತು. ರಕ್ತದ ಕ್ಯಾನ್ಸರಿನ ಔಷಧವೊಂದರ ಹೊಸ ರೂಪಕ್ಕಾಗಿ ನೊವಾರ್ಟಿಸ್ ಸಂಸ್ಥೆ ಮಾಡಿದ ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತಳ್ಳಿಹಾಕಿದುದು ಈ ನಿಯಮದ ಮೇರೆಗೆ. ಕಾನೂನಿನ ಹಿನ್ನೆಲೆಯನ್ನು ವಿವರಿಸಲು ಆ ತೀರ್ಪು 54 ವರ್ಷ ಹಳೆಯದಾದ ಅಯ್ಯಂಗಾರ್ ವರದಿಯನ್ನು ವಿಸ್ತಾರವಾಗಿ ಉಲ್ಲೇಖಿಸಿತು.