ಇರುಳಿನ ಚಿತ್ರ ಮತ್ತು ಆನೆಯ ಹೆಜ್ಜೆ



ಅಕ್ಕೂರಿನ ಸೀಮೆಯ ತೋಟಗಳಿಗೆ ಆನೆಗಳು ಇಳಿಯುವುದು ಇರುಳಿನಲ್ಲಿ. ಬೆಳಗಾಗುವ ವೇಳೆಗೆ ಉಳಿದಿರುವುದು ಮುರಿದ ಬಾಳೆ, ತುಳಿದ ರಾಗಿ ಮಾತ್ರ. ಪರಿಹಾರದ ಅರ್ಜಿಗೆ ಚಿತ್ರದ ಆಧಾರವಿದ್ದರೆ ಅನುಕೂಲ. ಆದರೆ ಆನೆ ಬಂದಿತೆಂದೊಡನೆ ಮೊಬೈಲ್ ಹಿಡಿದು ಓಡುವ ತರುಣರಿಗೆ ದಕ್ಕುವುದು ಮಸಿ ಬಳಿದಂಥ ಚಿತ್ರ, ಎದುರಾಗುವುದು ಪ್ರಾಣಾಪಾಯ.

ಕಾರಣ ಸರಳವಾದುದು. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಅದನ್ನು ಹೆಚ್ಚು ಹೊತ್ತು ಕೂಡಿಸಿಕೊಳ್ಳಬೇಕಾಗುತ್ತದೆ. ಮೊಬೈಲಿನ ‘ನೈಟ್ ಮೋಡ್’ ಒಂದೆರಡು ಸೆಕೆಂಡುಗಳಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿಸುತ್ತದೆ. ಅಷ್ಟರಲ್ಲಿ ಕೈ ನಡುಗಿದರೂ, ಆನೆ ಸರಿದರೂ ಚಿತ್ರ ಕಲಸಿಹೋಗುತ್ತದೆ. ಫ್ಲ್ಯಾಶ್ ನೆರವಾದೀತೆಂಬುದು ಭ್ರಮೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. 3 ಮೀಟರಿನಲ್ಲಿ ಬೀಳುವ ಬೆಳಕಿನ 1/64 ಪಾಲು ಮಾತ್ರ 24 ಮೀಟರಿಗೆ ತಲುಪುತ್ತದೆ. ಆನೆ ಕಾಣುವುದಿಲ್ಲ, ಆನೆಗೆ ಮಾತ್ರ ಮನುಷ್ಯನಿರುವ ಜಾಗ ತಿಳಿಯುತ್ತದೆ.

ಬಲ್ಲವರು ಈ ಕೆಲಸಕ್ಕೆ ತಾವೇ ಎದುರು ನಿಂತವರಲ್ಲ. 1920ರ ದಶಕದಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ ಶಿವಾಲಿಕ್ ಕಾಡುಗಳಲ್ಲಿ ದಾರಿಗೆ ತಂತಿ ಕಟ್ಟಿ, ಹುಲಿಯೇ ಅದನ್ನು ಎಡವಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದರು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇಂಥ ಸ್ವಯಂಚಾಲಿತ ಕ್ಯಾಮೆರಾಗಳಿಂದಲೇ ಹುಲಿಗಳನ್ನು ಪಟ್ಟೆಯ ಗುರುತಿನಿಂದ ಎಣಿಸಿದರು.

ರೈತರಿಗೆ ಅಂಥ ಸಾಧನವಿಲ್ಲದಿರಬಹುದು. ಆದರೆ ಅಲುಗಾಡದ ಸಾಕ್ಷಿಯೊಂದು ಹೊಲದಲ್ಲೇ ಇದೆ. ಅದು ಹೆಜ್ಜೆ. ಹಿಂಡು ದೂರ ಸರಿದಿರುವುದು ಖಚಿತವಾದ ಮೇಲೆ, ನಸುಕಿನಲ್ಲಿ, ಹೊಲವನ್ನು ಗುದ್ದಲಿ ಮುಟ್ಟುವ ಮುನ್ನ, ಇಬ್ಬರು ಕೂಡಿ ಹೋಗಬೇಕು. ಒಬ್ಬರು ಟಾರ್ಚನ್ನು ನೆಲದ ಮಟ್ಟಕ್ಕೆ, ಪಕ್ಕದಿಂದ ಹಿಡಿಯಬೇಕು. ಮೇಲಿಂದ ಬೆಳಕು ಬಿಟ್ಟರೆ ಹೆಜ್ಜೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಬಿಟ್ಟರೆ ಅಂಚು, ಬಿರುಕುಗಳೆಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ. ಇನ್ನೊಬ್ಬರು ಮೊಬೈಲನ್ನು ಮಗುಚಿಟ್ಟ ಬಕೆಟ್ಟಿನ ಮೇಲೋ ಕಲ್ಲಿನ ಮೇಲೋ ಊರಿ, 2 ಸೆಕೆಂಡಿನ ಟೈಮರ್ ಇಡಬೇಕು. ಗುಂಡಿ ಒತ್ತುವಾಗಿನ ನಡುಕವೂ ಆಗ ತಪ್ಪುತ್ತದೆ. ಜೂಮ್ ಬೇಡ, ಹತ್ತಿರ ಹೋಗುವುದೇ ಮೇಲು.

ಹೆಜ್ಜೆಯ ಪಕ್ಕದಲ್ಲಿ ಅಳತೆ ಟೇಪು ಇರಲಿ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಭುಜದೆತ್ತರ ಸರಿಸುಮಾರಾಗಿ ದೊರೆಯುತ್ತದೆ. ಬಂದದ್ದು ಮರಿಯೊಡನಿದ್ದ ಹಿಂಡೋ ಒಂಟಿ ಸಲಗವೋ ಎಂದು ಊಹಿಸಲು ವಿದ್ಯಾರ್ಥಿಗಳಿಗೂ ಇಷ್ಟು ಸಾಕು. ಮುರಿದ ಬೆಳೆಯನ್ನು ಸೂರ್ಯೋದಯದ ನಂತರ, ಬಾವಿ ಅಥವಾ ಪಂಪ್‌ಹೌಸ್ ಜೊತೆಗೇ ಕಾಣುವಂತೆ ತೆಗೆಯಬೇಕು. ಯಾರ ಹೊಲವೆಂಬ ಸಂದೇಹಕ್ಕೆ ಆಗ ಎಡೆಯಿರದು.

ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರದಿಂದ ತೆಗೆದ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ. ಮೂಲ ಚಿತ್ರವನ್ನು ಮೊಬೈಲಿನಲ್ಲೇ ಉಳಿಸಿಕೊಂಡಿರಬೇಕು.