ಜಾಡಿಯ ಉಪ್ಪು, ಹಳ್ಳಿಯ ಬಿ.ಪಿ.

ಮಲೆನಾಡಿನ ಊಟದಲ್ಲಿ ಉಪ್ಪಿಗೆ ದೊಡ್ಡ ಪಾಲಿದೆ. ಮಳೆಗಾಲದಲ್ಲಿ ತರಕಾರಿ ಸಿಗುವುದು ಕಷ್ಟವಾದ್ದರಿಂದ ಶಿವಮೊಗ್ಗ ಜಿಲ್ಲೆಯ ಹಳ್ಳಿಮನೆಗಳಲ್ಲಿ ಬೇಸಿಗೆಯಲ್ಲೇ ಮಾವಿನ ಮಿಡಿ, ಹಲಸಿನ ಸೊಳೆಗಳನ್ನು ಉಪ್ಪಿನಲ್ಲಿ ಹಾಕಿ ಜಾಡಿ ತುಂಬುತ್ತಾರೆ. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಒಣಗುತ್ತವೆ. ಗಂಜಿಯೂಟಕ್ಕೆ ಇವೇ ರುಚಿ. ಹಳ್ಳಿಯ ವಯಸ್ಕರನ್ನು ಕಾಡುವ ರಕ್ತದೊತ್ತಡಕ್ಕೆ ಒಂದು ಮುಖ್ಯ ಕಾರಣವೂ ಇಲ್ಲೇ ಇದೆ.

ಉಪ್ಪಿನಲ್ಲಿರುವ ಸೋಡಿಯಂ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಮತ್ತೆ ಮತ್ತೆ ನೋಡಿದಾಗಲೂ ಅದು 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅಧಿಕ ರಕ್ತದೊತ್ತಡ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರ ದಿನದ ಉಪ್ಪು 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆಯಿರಬೇಕು. ಭಾರತೀಯರು ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತಾರೆ. ಶ್ರೀಮಂತ ದೇಶಗಳಲ್ಲಿ ಹೆಚ್ಚಿನ ಉಪ್ಪು ಕಾರ್ಖಾನೆಯ ತಿನಿಸಿನಿಂದ ಬರುತ್ತದೆ; ನಮ್ಮ ಹಳ್ಳಿಗಳಲ್ಲಿ ಬಹುಪಾಲನ್ನು ಅಡುಗೆ ಮಾಡುವ ಕೈಯೇ ಹಾಕುತ್ತದೆ. ಇದು ಒಳ್ಳೆಯ ಸುದ್ದಿ, ಏಕೆಂದರೆ ಕಡಿಮೆ ಮಾಡುವುದೂ ಅದೇ ಕೈಯಲ್ಲಿದೆ.

ಪೇಟೆಗೆ ಬಂದಾಗ ತಿನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲಸ ಮುಗಿಸಿ ಶಿವಮೊಗ್ಗ ಪೇಟೆಯ ದುರ್ಗಿಗುಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವವರಿಗೆ ಉಪ್ಪು ಕಣ್ಣಿಗೆ ಬೀಳುವುದಿಲ್ಲ. ಮಂಡಕ್ಕಿಯ ಅಕ್ಕಿಗೆ ಹುರಿಯುವ ಮೊದಲೇ ಉಪ್ಪುನೀರು ಹಾಕಿರುತ್ತಾರೆ. ಬಜ್ಜಿಯ ಹಿಟ್ಟಿಗೆ ಬೀಳುವ ಸೋಡಾ ಕೂಡ ಸೋಡಿಯಮ್ಮೇ.

ಸೋಡಿಯಂ ಹೊರಹಾಕಲು ಮೂತ್ರಪಿಂಡಕ್ಕೆ ಪೊಟ್ಯಾಷಿಯಂ ನೆರವಾಗುತ್ತದೆ. ಅದು ಬಾಳೆಹಣ್ಣು, ಬಾಳೆದಿಂಡು, ಬಸಳೆ, ಹೆಸರುಕಾಳು, ಎಳನೀರಿನಲ್ಲಿ ಧಾರಾಳವಾಗಿದೆ. ಹಿತ್ತಲಲ್ಲೇ ಇಷ್ಟೆಲ್ಲ ಇದ್ದೂ ತಟ್ಟೆಯಲ್ಲಿ ಬರೀ ಅನ್ನ, ಉಪ್ಪಿನಕಾಯಿ ಉಳಿಯುವುದು ನಿಜಕ್ಕೂ ಬೇಸರದ ಸಂಗತಿ. ಒಂದೆಲಗದ ತಂಬುಳಿಗೆ ಹುಳಿಮಜ್ಜಿಗೆ, ಕಾಳುಮೆಣಸು ಸೇರಿದರೆ ಚಿಟಿಕೆ ಉಪ್ಪು ಸಾಕು.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಪಾರ್ಶ್ವವಾಯು ಬಡಿದಿತ್ತು, ಉಳಿದವರು ಬಿ.ಪಿ. ಇದ್ದ ಹಿರಿಯರು. ಕಾಲು ಭಾಗ ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆಯಿದ್ದವರಿಗೆ ಇಂಥ ಉಪ್ಪು ಅಪಾಯ. ವೈದ್ಯರನ್ನು ಕೇಳದೆ ಬಳಸಬಾರದು.

ಬಿ.ಪಿ. ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಆದ್ದರಿಂದಲೇ ಬಹಳ ಜನರಿಗೆ ತಮಗಿರುವುದು ಗೊತ್ತಿರುವುದಿಲ್ಲ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೋಡುತ್ತಾರೆ, ಒಮ್ಮೆ ನೋಡಿಸಿಕೊಳ್ಳಿ. ಮಾತ್ರೆ ಬರೆದುಕೊಟ್ಟಿದ್ದರೆ, ಊಟದಲ್ಲಿ ಉಪ್ಪು ಇಳಿಸಿದೆವೆಂದು ಅದನ್ನು ನಿಲ್ಲಿಸಬೇಡಿ.